ಓಡದ ಹನ್ನೆರಡು ಕಿಲೋಮೀಟರ್

ಎಸ್ಸೆಸ್ಸೆಲ್ಸಿ ಪಾಸಾದ ಬೇಸಿಗೆಯಲ್ಲಿ ನಾನು ಮಾಡಿದ ದೊಡ್ಡ ಕೆಲಸವೆಂದರೆ ಅಬ್ಬಾನ ಬಸ್ಸಿನ ಪರ್ಮಿಟ್ಟನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ್ದು. ಓದದೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಎಂಬತ್ತರ ದಶಕದ ನಡುಭಾಗ. ಚಿಂತಾಮಣಿಯಲ್ಲಿ ನಮ್ಮ ಮನೆ. ಅಬ್ಬಾ ಇಪ್ಪತ್ತು ವರ್ಷ ಬೇರೆಯವರ ಬಸ್ಸು ಓಡಿಸಿ, ಕೊನೆಗೆ ಅದೇ ಧಣಿ ವಯಸ್ಸಾಗಿ ವ್ಯವಹಾರ ಬಿಟ್ಟಾಗ ಒಂದು ಹಳೇ ಬಸ್ಸನ್ನು ಪರ್ಮಿಟ್ಟಿನ ಸಮೇತ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ಮಾಲೀಕರಾದ ಮೇಲೂ ಡ್ರೈವರ್ ಸೀಟು ಬಿಡಲಿಲ್ಲ. ಬೆಳಿಗ್ಗೆ ಆರಕ್ಕೆ ಚಿಂತಾಮಣಿ ಬಿಟ್ಟು ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಹಾದು ಗೌರಿಬಿದನೂರು. ಊಟ ಮುಗಿಸಿ ಅದೇ ದಾರಿಯಲ್ಲಿ ವಾಪಸ್ಸು. ಇದು ದಿನದ ಕೆಲಸ.

ಅಬ್ಬಾಗೆ ಉರ್ದು ಓದಲು ಬರುತ್ತಿತ್ತು. ಕನ್ನಡ, ತೆಲುಗು ಎರಡನ್ನೂ ನೀರು ಕುಡಿದಂತೆ ಮಾತಾಡುತ್ತಿದ್ದರು, ಆದರೆ ಓದಲು ಬಾರದು. ಬಸ್ಸಿನ ಕಾಗದಪತ್ರವನ್ನೆಲ್ಲ ಒಬ್ಬ ಬ್ರೋಕರ್ ನೋಡಿಕೊಳ್ಳುತ್ತಿದ್ದ. ಮೂರು ತಿಂಗಳಿಗೊಮ್ಮೆ ಅವನು ಬಂದು ತೆರಿಗೆ ಇಷ್ಟಾಗುತ್ತದೆ ಎನ್ನುವನು, ಅಬ್ಬಾ ಕೊಡುವರು. ಅಷ್ಟೇ. ಆ ಬೇಸಿಗೆಯಲ್ಲಿ ಬ್ರೋಕರ್ ಕಾಯಿಲೆ ಬಿದ್ದ. ಅಬ್ಬಾ ಕಾಗದದ ಚೀಲವನ್ನು ತಂದು ನನ್ನ ಮುಂದೆ ಸುರಿದು, ‘ನೋಡು ಬೇಟಿ, ಇದರಲ್ಲಿ ಏನೇನಿದೆ ಹೇಳು’ ಎಂದರು. ಮನೆಯಲ್ಲಿ ನಾವಾಡುತ್ತಿದ್ದದ್ದು ಉರ್ದು. ಅದನ್ನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಓದಿದಾಗ ತಿಳಿದದ್ದು: ನಮ್ಮಂಥ ಬಸ್ಸಿಗೆ ತೆರಿಗೆ ಬೀಳುತ್ತಿದ್ದದ್ದು ಸೀಟಿನ ಲೆಕ್ಕದಲ್ಲಿ, ಮತ್ತು ಆ ಬಸ್ಸು ದಿನಕ್ಕೆ ಎಷ್ಟು ದೂರ ಓಡುತ್ತದೆ ಎಂಬ ಲೆಕ್ಕದಲ್ಲಿ. ದೂರಕ್ಕೆ ಮೆಟ್ಟಿಲುಗಳಿದ್ದವು. ಇಷ್ಟು ಕಿಲೋಮೀಟರಿನೊಳಗೆ ಇದ್ದರೆ ಸೀಟಿಗೆ ಒಂದು ದರ, ಗೆರೆ ದಾಟಿದರೆ ಪ್ರತಿ ಸೀಟಿಗೂ ಹೆಚ್ಚಿನ ದರ. ನಮ್ಮ ಬಸ್ಸು ಗೆರೆಯನ್ನು ಒಂಬತ್ತು ಕಿಲೋಮೀಟರ್ ದಾಟಿತ್ತು.

‘ಒಂಬತ್ತೇ?’ ಎಂದರು ಅಬ್ಬಾ.

ಪರ್ಮಿಟ್ಟಿನಲ್ಲಿ ಊರಿಂದೂರಿಗೆ ದೂರ ಬರೆದಿತ್ತು. ನಾನು ಒಂದೊಂದೇ ಓದುತ್ತ ಹೋದೆ, ಅವರು ಕಣ್ಣು ಮುಚ್ಚಿಕೊಂಡು ಹೂಂಗುಟ್ಟುತ್ತಿದ್ದರು. ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವೆ, ದೊಡ್ಡ ರಸ್ತೆ ಬಿಟ್ಟು ಒಳಗೆ ಒಂದು ಹಳ್ಳಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಸ್ಸು ಅದರೊಳಕ್ಕೆ ಹೋಗಿ ಬರಬೇಕಿತ್ತು. ‘ದೊಡ್ಡ ರಸ್ತೆಯಿಂದ ಹಳ್ಳಿಗೆ ಐದೂವರೆ’ ಎಂದು ಓದಿದಾಗ ಅಬ್ಬಾ ಕಣ್ಣು ಬಿಟ್ಟರು.

‘ಎಲ್ಲಿಯ ಐದೂವರೆ? ಸಿಗರೇಟು ಹಚ್ಚಿದರೆ ಮುಗಿಯೋದರೊಳಗೆ ಹಳ್ಳಿ ಬಂದುಬಿಡುತ್ತೆ.’

ನಿಜ ಸಂಗತಿ ಇದು. ಪರ್ಮಿಟ್ಟು ಬರೆದ ಕಾಲದಲ್ಲಿ ಹಳ್ಳಿಗಿದ್ದ ದಾರಿ ಕೆರೆಯ ಹಿಂಬದಿಯಿಂದ, ಜಾಲಿ ಪೊದೆಗಳ ನಡುವೆ ಸುತ್ತಿ ಬಳಸಿ ಬರುತ್ತಿತ್ತು. ಆಮೇಲೆ ಊರವರು ಕೆರೆ ಏರಿಯನ್ನು ಅಗಲ ಮಾಡಿ, ಜಲ್ಲಿ ಹಾಕಿಸಿ, ನೆಟ್ಟಗಿನ ದಾರಿ ಮಾಡಿಕೊಂಡರು. ಹಳೆಯ ಧಣಿಯ ಕಾಲದಿಂದಲೂ ಬಸ್ಸು ಏರಿಯ ಮೇಲೇ ಹೋಗುತ್ತಿತ್ತು. ಹಳೇ ದಾರಿಯಲ್ಲಿ ಮೇಕೆ ಮೇಯಿಸುವವರು ಬಿಟ್ಟರೆ ಯಾರೂ ತಿರುಗುತ್ತಿರಲಿಲ್ಲ. ಕಾಗದ ಮಾತ್ರ ಇನ್ನೂ ಆ ದಾರಿಯಲ್ಲೇ ಓಡುತ್ತಿತ್ತು.

ನಾನು ಕೂಡಿಸಿ ಕಳೆದೆ. ಅಬ್ಬಾನ ಅಂದಾಜಿನಂತೆ ಏರಿಯ ದಾರಿ ಎರಡೂವರೆ ಕಿಲೋಮೀಟರ್. ಒಂದು ಸಲ ಹೋಗಿ ಬಂದರೆ ಆರು ಕಿಲೋಮೀಟರ್ ಉಳಿತಾಯ, ದಿನಕ್ಕೆ ಎರಡು ಸಲ, ಒಟ್ಟು ಹನ್ನೆರಡು. ಹನ್ನೆರಡು ಕಳೆದರೆ ಗೆರೆಯಿಂದ ಮೂರು ಕಿಲೋಮೀಟರ್ ಈಚೆಗೆ ಬರುತ್ತಿದ್ದೆವು. ಬಸ್ಸು ಓಡದ ಹನ್ನೆರಡು ಕಿಲೋಮೀಟರಿಗೆ ನಾವು ಇಷ್ಟು ವರ್ಷ ಸುಂಕ ಕಟ್ಟಿದ್ದೆವು.

ಅಬ್ಬಾಗೆ ಸಿಟ್ಟು ಬರುವುದು ಕಡಿಮೆ. ಅವತ್ತು ಬಂತು. ‘ಡೀಸೆಲ್ ಬಂಕಲ್ಲಿ ಒಂದೊಂದು ಲೀಟರಿಗೂ ಸರ್ಕಾರದ ಪಾಲು ಕೊಡ್ತೀನಿ. ಅದಕ್ಕೆ ನನ್ನ ತಕರಾರಿಲ್ಲ. ಎಷ್ಟು ಓಡಿದೆನೋ ಅಷ್ಟು ಸುಟ್ಟಿದೆ, ಸುಟ್ಟಷ್ಟಕ್ಕೆ ಕೊಟ್ಟಿದ್ದೀನಿ. ಇದ್ಯಾವ ನ್ಯಾಯ, ಚಕ್ರ ಇಡದ ಮಣ್ಣಿಗೆ ದುಡ್ಡು ಕೊಡೋದು?’

‘ಅರ್ಜಿ ಬರೀತೀನಿ’ ಅಂದೆ. ಕನ್ನಡದಲ್ಲಿ ತಾಲ್ಲೂಕಿಗೇ ಹೆಚ್ಚು ನಂಬರು ಬಂದಿದೆ ಎಂಬ ಜಂಬ ಆಗ ತಲೆಗೇರಿತ್ತು. ಎರಡು ದಿನ ಕೂತು, ಮೂರು ಸಲ ತಿದ್ದಿ, ಎರಡು ಪುಟದ ಅರ್ಜಿ ಬರೆದೆ. ‘ಹಲವು ವರ್ಷಗಳಿಂದ ನಮ್ಮ ವಾಹನವು ಸದರಿ ಹಳೆಯ ದಾರಿಯಲ್ಲಿ ಸಂಚರಿಸದೆ, ಕೆರೆ ಏರಿಯ ಹೊಸ ದಾರಿಯಲ್ಲೇ ಸಂಚರಿಸುತ್ತಾ ಬಂದಿರುತ್ತದೆ’ ಎಂಬ ವಾಕ್ಯ ಬರೆದು ಮುಗಿಸಿದಾಗ ಆದ ಖುಷಿ ನನಗಿನ್ನೂ ನೆನಪಿದೆ. ‘ಸದರಿ’ ಎಂಬ ಪದ ಹಾಕಿದ್ದಕ್ಕೆ.

ಹೆಣ್ಣುಮಗಳಿಗೆ ಆಫೀಸಿನ ಉಸಾಬರಿ ಯಾಕೆ ಎಂದು ಅಮ್ಮಿ ತಕರಾರು ತೆಗೆದಳು. ‘ನಾನು ಪಕ್ಕದಲ್ಲಿ ಇರ್ತೀನಲ್ಲ’ ಎಂದರು ಅಬ್ಬಾ. ಸಾರಿಗೆ ಕಚೇರಿಯಲ್ಲಿ ತೆರಿಗೆಯ ಮೇಜಿನ ಗುಮಾಸ್ತರು ಅರ್ಜಿಯನ್ನು ಓದಿದರು. ಕೆಟ್ಟವರಲ್ಲ. ಅಬ್ಬಾಗೆ ಬೆಂಚು ತೋರಿಸಿ ಕೂರಿಸಿದರು.

‘ಅಕ್ಷರ ಚೆನ್ನಾಗಿದೆಯಮ್ಮ. ಆದ್ರೆ ನೀವು ಒಂದು ತಪ್ಪು ತಿಳ್ಕೊಂಡಿದ್ದೀರ. ಟ್ಯಾಕ್ಸು ಬಸ್ಸು ಓಡಿದ ದೂರಕ್ಕಲ್ಲ. ಪರ್ಮಿಟ್ಟಲ್ಲಿರೋ ದೂರಕ್ಕೆ.’

‘ಎರಡೂ ಒಂದೇ ಇರ್ಬೇಕಲ್ವಾ ಸಾರ್?’ ಅಂದೆ.

‘ಇರ್ಬೇಕು. ಇಲ್ಲ ಅನ್ನೋದಕ್ಕೆ ಏನು ರುಜುವಾತು?’

‘ಮೀಟರ್ ಓಡ್ತಾ ಐತೆ ಸ್ವಾಮಿ, ನೋಡ್ಕೊಳ್ಳಿ’ ಎಂದರು ಅಬ್ಬಾ.

‘ಸಾಬ್ರೇ, ಟೈರು ಸವೆದಿದ್ರೆ ಮೀಟರ್ ಜಾಸ್ತಿ ತೋರಿಸುತ್ತೆ, ಹೊಸದು ಹಾಕಿದ್ರೆ ಕಡಿಮೆ. ಅದನ್ನ ಯಾರು ಒಪ್ತಾರೆ? ಅರ್ಜಿ ಇಟ್ಕೋತೀನಿ. ಅಳತೆ ಏನಾದ್ರೂ ಇದ್ರೆ ಜೊತೆಗೆ ಕೊಡಿ.’

ಅಳತೆ ಇರಲಿಲ್ಲ. ಮಾಡೋಣ ಎಂದು ತೀರ್ಮಾನವಾಯಿತು.

ಆ ಹಳ್ಳಿಯಲ್ಲಿ ರೇಷ್ಮೆ ಬೆಳೆಯುವ ರೈತರೊಬ್ಬರಿದ್ದರು. ಊರೆಲ್ಲ ಅವರನ್ನು ದೊಡ್ಡಪ್ಪ ಅನ್ನುತ್ತಿತ್ತು. ನಾನೂ ಹಾಗೇ ಕರೆಯುತ್ತಿದ್ದೆ. ಗೂಡು ಬಿಡಿಸಿದ ದಿನ ಅವರ ಮೂಟೆಗಳು ಬೆಳಗಿನ ಬಸ್ಸಿನ ಟಾಪಿನ ಮೇಲೆ ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿಗೆ ಹೋಗುತ್ತಿದ್ದವು. ಅಬ್ಬಾ ವಿಷಯ ಹೇಳಿದಾಗ ದೊಡ್ಡಪ್ಪ ತೋಟದಿಂದ ನೇರ ಬಂದು, ‘ಅದಕ್ಕೇನಂತೆ ಸಾಬ್ರೇ, ಅಳೆದುಬಿಡಣ’ ಎಂದರು.

ಬಸ್ಸಿಗೆ ರಜೆಯಿದ್ದ ಒಂದು ದಿನ ಅಳೆದೆವು. ಬಟ್ಟೆ ಅಂಗಡಿಯಿಂದ ಮೀಟರ್ ಕಡ್ಡಿ ಬೇಡಿ ತಂದು, ನೈಲಾನ್ ಹಗ್ಗದಲ್ಲಿ ಐವತ್ತು ಮೀಟರಿಗೆ ಗಂಟು ಹಾಕಿದೆವು. ಒಂದು ತುದಿ ದೊಡ್ಡಪ್ಪನ ಕೈಲಿ, ಇನ್ನೊಂದು ಅಬ್ಬಾನ ಕೈಲಿ. ನಾನು ನೋಟ್‌ಬುಕ್ಕು ಹಿಡಿದು ಗೆರೆ ಎಳೆಯುತ್ತಿದ್ದೆ. ಸೊಪ್ಪು ಹೊತ್ತು ಬರುತ್ತಿದ್ದ ಹೆಂಗಸರು ಏರಿಯ ಮೇಲೆ ನಿಂತು ನಕ್ಕರು. ‘ಏಮಮ್ಮಾ, ಏರಿಗೆ ಸೀರೆ ಉಡಿಸ್ತೀರಾ?’ ಎಂದಳು ಒಬ್ಬಳು. ಆಮೇಲೆ ಅವಳೇ ಹೊರೆ ಇಳಿಸಿ, ಹಗ್ಗ ಜಗ್ಗದಂತೆ ನಡುವೆ ಎತ್ತಿ ಹಿಡಿದಳು.

ಅರ್ಧ ದಾರಿಗೆ ಬಂದಾಗ ದೊಡ್ಡಪ್ಪ ಕೂತು ಬೀಡಿ ಹಚ್ಚಿದರು. ಅಬ್ಬಾ ಡೀಸೆಲ್ಲಿನ ತಮ್ಮ ವಾದವನ್ನು ಅವರ ಮುಂದೆಯೂ ಇಟ್ಟರು. ತೆರಿಗೆಯನ್ನೆಲ್ಲ ಡೀಸೆಲ್ ಮೇಲೇ ಹಾಕಿಬಿಟ್ಟರೆ ಈ ಹಗ್ಗದ ಗೋಳೇ ಇರುತ್ತಿರಲಿಲ್ಲ ಎಂದರು. ದೊಡ್ಡಪ್ಪ ಒಪ್ಪಲಿಲ್ಲ.

‘ನಮ್ಮ ಪಂಪ್‌ಸೆಟ್ಟಿಗೂ ಡೀಸೆಲ್ಲೇ ಹಾಕದು ಸಾಬ್ರೇ. ಅದು ಬಾವಿ ಪಕ್ಕ ಕೂತಿರ್ತದೆ, ಒಂದು ಗೇಣೂ ಆಚೆ ಹೋಗಲ್ಲ. ರಸ್ತೆ ಸವೆಸೋನು ನೀನು. ರಸ್ತೆ ದುಡ್ಡು ನಾನ್ಯಾಕೆ ಕೊಡ್ಲಿ? ಓಡಿದ ದೂರಕ್ಕೆ ಹಾಕದೇ ನ್ಯಾಯ. ದೂರ ಸರಿಯಾಗಿ ಬರೀಬೇಕು, ಅಷ್ಟೆ.’

ಅಬ್ಬಾ ಸ್ವಲ್ಪ ಹೊತ್ತು ಕೆರೆಯ ಕಡೆ ನೋಡಿ, ‘ಅದೂ ನಿಜವೇ’ ಎಂದರು. ಕೆರೆಯಲ್ಲಿ ಆಗ ನೀರಿರಲಿಲ್ಲ, ಒಣಗಿ ಬಿರುಕು ಬಿಟ್ಟ ಅಂಗಳದಲ್ಲಿ ಹುಡುಗರು ಚೆಂಡಾಡುತ್ತಿದ್ದರು.

ಐವತ್ತು ಹಗ್ಗ, ಮೇಲೆ ಹನ್ನೊಂದು ಹೆಜ್ಜೆ. ಹೆಚ್ಚು ಕಡಿಮೆ ಎರಡೂವರೆ ಕಿಲೋಮೀಟರ್. ಅಬ್ಬಾನ ಸಿಗರೇಟಿನ ಲೆಕ್ಕ ಸರಿಯಾಗಿತ್ತು. ಅಳತೆ ಬರೆದು, ಊರವರ ಸಹಿ, ಹೆಬ್ಬೆಟ್ಟು ಹಾಕಿಸಿ, ಗುಮಾಸ್ತರಿಗೆ ಕೊಟ್ಟು ಬಂದೆವು. ಟಪಾಲಿನ ಮುದ್ರೆ ಬಿದ್ದ ನಕಲನ್ನು ನಾನು ಕುರಾನಿನ ಪಕ್ಕದ ಗೂಡಿನಲ್ಲಿ ಇಟ್ಟೆ.

ಎಂಟು ತಿಂಗಳು ಏನೂ ಬರಲಿಲ್ಲ. ನಾನು ಕಾಲೇಜು ಸೇರಿದ್ದೆ. ಅಬ್ಬಾ ಎರಡು ಸಲ ವಿಚಾರಿಸಿದರು. ಒಮ್ಮೆ ಫೈಲು ಸಾಹೇಬರ ಮೇಜಿನಲ್ಲಿತ್ತು, ಇನ್ನೊಮ್ಮೆ ಸಾಹೇಬರೇ ಇರಲಿಲ್ಲ. ಒಂಬತ್ತನೇ ತಿಂಗಳಲ್ಲಿ ರಿಜಿಸ್ಟರ್ ಕಾಗದ ಬಂತು. ಕಾಲೇಜಿನಿಂದ ಬಂದವಳಿಗೆ ಅಮ್ಮಿ ಬಾಗಿಲಲ್ಲೇ ಕೈಗೆ ಕೊಟ್ಟಳು. ನಿಂತಲ್ಲೇ ಒಡೆದು ಓದಿದೆ.

ಅದು ನೋಟೀಸು. ‘ನಿಮ್ಮ ಅರ್ಜಿಯಲ್ಲಿ ನೀವೇ ಒಪ್ಪಿಕೊಂಡಿರುವಂತೆ’ ಎಂದು ಶುರುವಾಗಿತ್ತು. ಪರ್ಮಿಟ್ಟಿನಲ್ಲಿ ತೋರಿಸಿದ ಮಾರ್ಗ ಬಿಟ್ಟು ಹಲವು ವರ್ಷಗಳಿಂದ ಬೇರೆ ಮಾರ್ಗದಲ್ಲಿ ವಾಹನ ಓಡಿಸಿರುವುದಕ್ಕೆ ಏಕೆ ಕ್ರಮ ತೆಗೆದುಕೊಳ್ಳಬಾರದು, ಕಾರಣ ತಿಳಿಸಿ. ಕೆಳಗೆ ನನ್ನ ವಾಕ್ಯವನ್ನೇ ಒಂದಕ್ಷರ ಬಿಡದೆ ನಕಲು ಮಾಡಿದ್ದರು, ‘ಸದರಿ’ ಸಮೇತ.

ಆ ಕಚೇರಿಯಲ್ಲಿ ಅಷ್ಟು ವರ್ಷ ಯಾರಿಗೂ ಗೊತ್ತಿರದಿದ್ದ ಸಂಗತಿಯನ್ನು ಮುದ್ದಾದ ಅಕ್ಷರದಲ್ಲಿ ಬರೆದು ಕೊಟ್ಟವಳು ನಾನು. ಸಂಜೆ ಅಬ್ಬಾ ಬಂದಾಗ ಓದಿ ಹೇಳಿದೆ. ಅರ್ಧಕ್ಕೇ ಅಳು ಬಂತು.

‘ನೀನು ಬರೆದಿದ್ದು ಸುಳ್ಳಾ?’ ಎಂದು ಕೇಳಿದರು.

‘ಅಲ್ಲ.’

‘ಮತ್ತೆ ಅಳೋದು ಯಾಕೆ? ಅನ್ನ ತಣ್ಣಗಾಗ್ತಿದೆ, ಬಾ.’

ಅವರು ಒಂದು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ.

ಉತ್ತರ ಬರೆದುಕೊಟ್ಟ ಮೇಲೆ ಸ್ಥಳ ತನಿಖೆಗೆ ಇನ್‌ಸ್ಪೆಕ್ಟರ್ ಬರುತ್ತಾರೆ ಎಂದರು ಕಚೇರಿಯವರು. ನಮಗೆ ಸಮಾಧಾನವೇ ಆಯಿತು. ಕಣ್ಣಿಂದ ನೋಡಿದರೆ ಸಾಕು, ಏರಿಯ ದಾರಿ ಯಾರಿಗೂ ಅಡಗಿದ್ದಲ್ಲ. ದಿನ ಗೊತ್ತಾಯಿತು, ಮುಂದಕ್ಕೆ ಹೋಯಿತು. ಮತ್ತೆ ಗೊತ್ತಾಯಿತು, ಜೀಪು ಕೆಟ್ಟಿತು. ಹೀಗೆ ಮಳೆಗಾಲ ಬಂದೇ ಬಂತು. ನಮ್ಮ ಕಡೆ ಮಳೆ ಎಂದರೆ ಮೋಡ ನೋಡಿ ತೃಪ್ತಿ ಪಡುವುದು. ಆ ವರ್ಷ ಮಾತ್ರ ಯಾರ ಪುಣ್ಯವೋ, ಒಂದೇ ವಾರ ಸುರಿದು ಕೆರೆ ತುಂಬಿತು. ಎಷ್ಟೋ ವರ್ಷಗಳ ಮೇಲೆ ಕೋಡಿ ಹರಿಯಿತು. ಆ ಕೋಡಿ ಹರಿಯುವುದು ಏರಿ ದಾರಿಯ ತುದಿಯಲ್ಲಿ, ಹಳ್ಳಿಗೆ ಕಾಲ್ನಡಿಗೆ ದೂರದಲ್ಲಿ.

ಇನ್‌ಸ್ಪೆಕ್ಟರ್ ಬಂದದ್ದು ಸರಿಯಾಗಿ ಆ ವಾರ.

ನಾನೂ ಹೋಗಿದ್ದೆ. ದಾರಿಯ ಮೇಲೆ ಮೊಣಕಾಲುದ್ದ ನೀರು, ಕೆಂಪಗೆ, ಭೋರೆಂದು ಹರಿಯುತ್ತಿತ್ತು. ಆಚೆ ಬದಿಯಲ್ಲಿ ಇಡೀ ಹಳ್ಳಿ ಸೇರಿತ್ತು. ಹೆಂಗಸರು ಅರಿಶಿನ ಕುಂಕುಮ ತಂದು ಗಂಗಮ್ಮನಿಗೆ ಪೂಜೆ ಮಾಡುತ್ತಿದ್ದರು, ಗಂಡಸರು ಕೋಡಿಯ ಕಲ್ಲಿನ ಮೇಲೆ ನಿಂತು ಕೂಗುತ್ತಿದ್ದರು. ಅಷ್ಟು ಸಂತೋಷದ ಮುಖಗಳನ್ನು ಆ ಊರಿನಲ್ಲಿ ನಾನು ಹಿಂದೆ ಕಂಡಿರಲಿಲ್ಲ. ಈಚೆ ಬದಿಯಲ್ಲಿ ನಾವು ಮೂವರು ಜೀಪಿನ ಪಕ್ಕ ನಿಂತಿದ್ದೆವು.

‘ಇದೇನಾ ನಿಮ್ಮ ದಾರಿ?’ ಎಂದರು ಇನ್‌ಸ್ಪೆಕ್ಟರ್.

‘ನಾಕು ದಿನ ನೀರು ಸ್ವಾಮಿ. ಇಳಿದ್ರೆ ಬಸ್ಸು ಹೋಗ್ತದೆ. ಇಲ್ಲೀವರೆಗೂ ಅಳೆದಿದ್ದೀರಲ್ಲ, ಇನ್ನು ಅಷ್ಟೇ ದೂರ, ಅಗೋ ಊರು ಕಾಣ್ತದೆ’ ಎಂದರು ಅಬ್ಬಾ.

‘ಕಾಣೋದನ್ನ ಬರೆಯೋಕಾಗಲ್ಲ. ಹಳ್ಳಿ ಮುಟ್ಟಿ ಬರೀಬೇಕು. ಬೇರೆ ದಾರಿ ಇದೆಯಲ್ಲ?’

ಜೀಪು ಹಿಂದಿರುಗಿ ಕೆರೆಯ ಹಿಂಬದಿಯ ಹಳೇ ದಾರಿ ಹಿಡಿಯಿತು. ಜಾಲಿ ಮುಳ್ಳು ಎರಡೂ ಬದಿಗೆ ಗೀರಿತು. ಒಂದು ಕಡೆ ಇಳಿದು ತಳ್ಳಬೇಕಾಯಿತು. ಅಬ್ಬಾ ತಳ್ಳಿದರು, ನಾನೂ ತಳ್ಳಿದೆ. ನಮ್ಮ ವಿರುದ್ಧದ ಅಳತೆಗೆ ನಾವೇ ಹೆಗಲು ಕೊಟ್ಟಿದ್ದೆವು. ಹಳ್ಳಿ ಮುಟ್ಟಿದಾಗ ಇನ್‌ಸ್ಪೆಕ್ಟರ್ ಮೀಟರ್ ನೋಡಿ, ‘ಐದೂವರೆ. ಪರ್ಮಿಟ್ಟಲ್ಲಿ ಸರಿಯಾಗೇ ಇದೆಯಲ್ರೀ’ ಎಂದು ಬರೆದುಕೊಂಡರು. ಊರವರು ಅವರಿಗೆ ಕೋಡಿ ಹರಿದ ಖುಷಿಗೆ ಮಾಡಿದ್ದ ಸಿಹಿ ಪೊಂಗಲ್ ಕೊಟ್ಟರು.

ಎರಡು ತಿಂಗಳಿಗೆ ಆದೇಶ ಬಂತು. ದೂರದಲ್ಲಿ ವ್ಯತ್ಯಾಸವಿಲ್ಲ. ಅಪರಾಧ ಮೊದಲನೆಯದಾದ್ದರಿಂದ ಎಚ್ಚರಿಕೆ ಕೊಟ್ಟು ಬಿಡಲಾಗಿದೆ. ಇನ್ನು ಮುಂದೆ ಪರ್ಮಿಟ್ಟಿನ ಮಾರ್ಗದಲ್ಲಿಯೇ ಓಡಿಸತಕ್ಕದ್ದು.

ಅಬ್ಬಾ ಓಡಿಸಿದರು. ಹಟಕ್ಕೋ, ಹೆದರಿಕೆಗೋ, ನನಗೆ ಇವತ್ತಿಗೂ ತಿಳಿಯದು. ‘ಐದೂವರೆಗೆ ಟ್ಯಾಕ್ಸು ಕಟ್ತಿದೀನಿ, ಐದೂವರೆ ಓಡ್ತೀನಿ’ ಎಂದರು. ನೀರಿಳಿದು ಏರಿ ಒಣಗಿತ್ತು, ಆದರೂ ಬಸ್ಸು ಜಾಲಿ ಕಾಡಿನೊಳಗೆ ಕುಲುಕುತ್ತ ಹೋಗುತ್ತಿತ್ತು. ಈಗ ಕಾಗದದ ಮೇಲಿನ ದೂರಕ್ಕೆ ತೆರಿಗೆಯೂ ಹೋಯಿತು, ಆ ದೂರವನ್ನು ನಿಜವಾಗಿ ಓಡಲು ಡೀಸೆಲ್ಲೂ ಹೋಯಿತು. ಹಳ್ಳಿಯವರು ದೊಡ್ಡ ರಸ್ತೆಯಲ್ಲೇ ಇಳಿದು ಏರಿಯ ಮೇಲೆ ನಡೆದು, ಬಸ್ಸಿಗಿಂತ ಮೊದಲು ಮನೆ ಸೇರುತ್ತಿದ್ದರು. ಹೀಗೆ ನಡೆದು ಬಂದ ಮುದುಕಿಯೊಬ್ಬಳು ಒಮ್ಮೆ ಹಳ್ಳಿಯ ಕಟ್ಟೆಯ ಮೇಲೆ ಕೂತು, ಖಾಲಿ ಬಸ್ಸು ಧೂಳೆಬ್ಬಿಸಿಕೊಂಡು ಬಂದಾಗ ಅಬ್ಬಾಗೆ, ‘ಏಮ್ರಾ ನಾಯ್ನಾ, ಯಾರ್ನ ಕರ್ಕೊಂಬಂದೆ?’ ಎಂದು ಕೇಳಿದಳಂತೆ. ಮನೆಗೆ ಬಂದು ಅದನ್ನು ಹೇಳುವಾಗ ಅಬ್ಬಾ ನಗಲು ನೋಡಿದರು, ಆಗಲಿಲ್ಲ.

ಮೂರನೇ ತಿಂಗಳಲ್ಲಿ ಬೆಳಿಗ್ಗೆ ಹಳೇ ದಾರಿಯ ಹಳ್ಳದಲ್ಲಿ ಬಸ್ಸಿನ ಸ್ಪ್ರಿಂಗ್ ಪಟ್ಟಿ ಮುರಿಯಿತು. ಟಾಪಿನ ಮೇಲೆ ದೊಡ್ಡಪ್ಪನ ಗೂಡು, ಇಡೀ ಬೆಳೆ. ಗೂಡಿನೊಳಗಿನ ಹುಳ ಚಿಟ್ಟೆಯಾಗಿ ಹೊರಬರುವ ಮೊದಲು ಮಾರಬೇಕು. ಅದಕ್ಕೆ ಉಳಿದಿದ್ದದ್ದು ಒಂದೆರಡು ದಿನ. ಎತ್ತಿನ ಗಾಡಿ ಕಟ್ಟಿ ದೊಡ್ಡ ರಸ್ತೆಗೆ ಸಾಗಿಸಿ, ಬೇರೆ ವಾಹನ ಹಿಡಿದು ಶಿಡ್ಲಘಟ್ಟ ಮುಟ್ಟುವಷ್ಟರಲ್ಲಿ ಮಾರ್ಕೆಟ್ಟಿನಲ್ಲಿ ಹರಾಜು ಮುಗಿದಿತ್ತು. ಮಾರನೆಯ ದಿನ ಸಿಕ್ಕಷ್ಟು ಬೆಲೆಗೆ ಕೊಟ್ಟು ಬಂದರು.

ದೊಡ್ಡಪ್ಪ ಅಬ್ಬಾನ ಮೇಲೆ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅದರ ಮಾರನೇ ದಿನ ಅವರು ಬಿಳಿ ಪಂಚೆ ಉಟ್ಟು, ಟವಲು ಹೆಗಲಿಗೆ ಹಾಕಿ ನಮ್ಮ ಮನೆ ಬಾಗಿಲಿಗೆ ಬಂದರು.

‘ನಡೀರಿ ಸಾಬ್ರೇ. ಆ ಆಫೀಸ್ಗೆ ಹೋಗಣ. ಅಮ್ಮಯ್ಯಾ, ನೀನೂ ಬಾರವ್ವ, ನಮ್ಮಿಬ್ರಿಗೂ ಓದಾಕ್ ಬರಲ್ಲ.’

ಆ ಹೊತ್ತಿಗೆ ಕಚೇರಿಗೆ ಹೊಸ ಅಧಿಕಾರಿ ಬಂದಿದ್ದರು, ಸಣ್ಣ ವಯಸ್ಸಿನವರು. ದೊಡ್ಡಪ್ಪ ಕೈಮುಗಿದು, ಕೂರಿ ಎಂದರೂ ಕೂರದೆ ಮಾತಾಡಿದರು. ‘ಸ್ವಾಮಿ, ಏರಿ ದಾರಿ ನಾವು ಮಾಡಿದ್ದು. ನಮ್ಮ ಎತ್ತು, ನಮ್ಮ ರಟ್ಟೆ. ಬಸ್ಸು ಅದರ ಮೇಲೆ ಬರ್ಲಿ ಅಂತಾನೇ ಮಾಡಿದ್ದು. ಬರ್ಬೇಡ ಅಂತ ನೀವು ಅಂದ್ರೆ ನಾವು ಇನ್ಯಾರ್ನ ಕೇಳದು?’

ಅಧಿಕಾರಿ ಫೈಲು ತರಿಸಿ ಓದಿದರು. ನನ್ನ ಅರ್ಜಿ, ಹಗ್ಗದ ಅಳತೆ, ನೋಟೀಸು, ಜೀಪಿನ ಅಳತೆ. ಓದುತ್ತ ಓದುತ್ತ ಹಣೆ ಉಜ್ಜಿಕೊಂಡರು. ‘ದೂರ ತಪ್ಪು ಅಂತ ಕೇಳಿದ್ದೇ ತಪ್ಪಾಯ್ತು ನೋಡಮ್ಮ. ಮಾರ್ಗ ಬದಲಾಯಿಸಿ ಕೊಡಿ ಅಂತ ಕೇಳಬೇಕಿತ್ತು. ಅದಕ್ಕೆ ಬೇರೆ ಫಾರಂ.’

ಎರಡು ವರ್ಷ ನಮಗೆ ಈ ಒಂದು ಮಾತನ್ನು ಯಾರೂ ಹೇಳಿರಲಿಲ್ಲ. ಗುಮಾಸ್ತರ ಕಡೆ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಬೇರೆ ಫಾರಂ ಇದೇ ಕೋಣೆಯ ಬೀರುವಿನಲ್ಲಿತ್ತು.

ಅಲ್ಲೇ ತುಂಬಿಕೊಟ್ಟೆ. ಈ ಸಲ ಒಂದು ಪದವನ್ನೂ ಅಲಂಕಾರಕ್ಕೆ ಹಾಕಲಿಲ್ಲ. ಮಾರ್ಗ ಬದಲಾಯಿಸುವಾಗ ಇಡೀ ದಾರಿಯನ್ನು ಹೊಸದಾಗಿ ಅಳೆಯುವುದು ನಿಯಮ ಎಂದು ಅಧಿಕಾರಿ ಹೇಳಿದರು. ‘ಅಳೀರಿ ಸ್ವಾಮಿ, ಎಷ್ಟು ಬೇಕಾದ್ರೂ ಅಳೀರಿ’ ಎಂದರು ಅಬ್ಬಾ. ಹೇಳಿದ ದಿನಕ್ಕೇ ಜೀಪು ಬಂತು, ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಅಳೆದುಕೊಂಡು ಹೋಯಿತು. ಏರಿಯ ದಾರಿ ಎರಡೂವರೆ ಎಂದೇ ಬರೆದರಂತೆ. ಆ ಸುದ್ದಿ ತಂದ ದಿನ ಅಬ್ಬಾ ಅಮ್ಮಿಗೆ ಹೂವು, ನನಗೆ ಒಂದು ಇಂಕ್ ಪೆನ್ನು ತಂದಿದ್ದರು.

ಆದೇಶವನ್ನು ಕಚೇರಿಯಿಂದ ತಂದದ್ದು ನಾನೇ. ಅಲ್ಲಿನ ವರಾಂಡದ ಬೆಂಚಿನ ಮೇಲೆ ಅಬ್ಬಾನ ಪಕ್ಕ ಕೂತು ಓದಿದೆ. ಮಾರ್ಗ ಬದಲಾವಣೆ ಮಂಜೂರು. ಹಳ್ಳಿಗೆ ಎರಡೂವರೆ. ಕೆಳಗೆ ಇನ್ನೊಂದು ಸಾಲು: ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಪರ್ಮಿಟ್ಟಿನಲ್ಲಿ ತೋರಿಸಿದ್ದಕ್ಕಿಂತ ಎರಡು ಕಿಲೋಮೀಟರ್ ಹೆಚ್ಚಿದೆ. ಹಿಂದೆ ಮೈಲಿಯ ಲೆಕ್ಕವನ್ನು ಕಿಲೋಮೀಟರಿಗೆ ಇಳಿಸುವಾಗ ಯಾರೋ ದಶಾಂಶದ ಬಾಲ ಕತ್ತರಿಸಿ ಬರೆದಿದ್ದರು.

ಹೋಗುತ್ತ ಎರಡು, ಬರುತ್ತ ಎರಡು. ಬೆರಳು ಮಡಚಿ ಎಣಿಸಿದೆ. ಹನ್ನೆರಡು ಕಳೆದು ಗೆರೆಯಿಂದ ಮೂರು ಈಚೆ ಬಂದಿದ್ದೆವು. ನಾಲ್ಕು ಕೂಡಿಸಿದರೆ ಒಂದು ಆಚೆ. ಒಂದೇ ಒಂದು ಕಿಲೋಮೀಟರ್. ಸೀಟಿನ ದರ ಅದೇ. ಮೂರು ತಿಂಗಳಿಗೊಮ್ಮೆ ಕಟ್ಟುವ ತೆರಿಗೆಯೂ ಒಂದು ರೂಪಾಯಿ ವ್ಯತ್ಯಾಸವಿಲ್ಲದೆ ಅದೇ. ಹಿಂದೆ ಕಟ್ಟಿದ್ದು ವಾಪಸ್ಸು ಬರುವುದಿಲ್ಲ ಎಂದೂ ಬರೆದಿತ್ತು.

ಅಬ್ಬಾಗೆ ಹೇಗೆ ಹೇಳಲಿ ಎಂದು ತಿಳಿಯದೆ ಇನ್ನೊಮ್ಮೆ ಎಣಿಸಿದೆ. ಆಮೇಲೆ ಹೇಳಿದೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

‘ಗೌರಿಬಿದನೂರಿಗೆ ಎರಡು ಜಾಸ್ತಿ ಇರೋದು ನಿಜವೇನು?’

‘ಅಳೆದಿದ್ದಾರೆ ಅಬ್ಬಾ.’

‘ಹಾಗಾದರೆ ಅದನ್ನು ನಾವು ಇಷ್ಟು ದಿನ ಓಡಿದ್ದೀವಿ, ಕೊಟ್ಟಿರಲಿಲ್ಲ.’ ಟೋಪಿಯನ್ನು ಮತ್ತೆ ತಲೆಗಿಟ್ಟು, ‘ಈಗ ಕೊಡೋದು ಓಡಿದ ದೂರಕ್ಕೇ ತಾನೆ?’ ಎಂದರು.

ನನಗೆ ಕೂಗಬೇಕೆನ್ನಿಸಿತು. ಎರಡು ವರ್ಷ ಅಲೆದದ್ದು, ನೋಟೀಸು, ಮುರಿದ ಸ್ಪ್ರಿಂಗು, ದೊಡ್ಡಪ್ಪನ ಗೂಡು, ಎಲ್ಲ ಸೇರಿ ಕಾಗದದ ಮೇಲೆ ಎರಡು ಅಂಕಿ ಜಾಗ ಬದಲಾಯಿಸಿದ್ದವು. ಮನುಷ್ಯ ಇಷ್ಟು ಬೇಗ ಒಪ್ಪಿಕೊಳ್ಳಬಾರದು ಎಂದು ಅವರ ಮೇಲೇ ಸಿಟ್ಟು ಬಂತು. ನ್ಯಾಯ ಸಿಕ್ಕಿತೆಂದು ಅವರಿಗೆ ಅನ್ನಿಸಿರಬಹುದು. ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ದೂರವನ್ನು ಸರಿಯಾಗಿ ಬರೆದುಕೊಳ್ಳುವುದು ಕೇಳುವವರ ಕೆಲಸವೇ ಹೊರತು ಕೊಡುವವರದ್ದಲ್ಲ ಎಂದು ನಾನಿನ್ನೂ ವಾದಿಸುತ್ತೇನೆ, ಎದುರಿಗೆ ಯಾರಾದರೂ ಸಿಕ್ಕರೆ.

ಮಾರನೆಯ ಬೆಳಿಗ್ಗೆ ಅಬ್ಬಾ ನನ್ನನ್ನೂ ಬಸ್ಸಿಗೆ ಹತ್ತಿಸಿಕೊಂಡರು. ನಾನು ಮುಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತೆ. ಬಸ್ಸು ದೊಡ್ಡ ರಸ್ತೆ ಬಿಟ್ಟು ಏರಿಯ ಕಡೆ ತಿರುಗಿದಾಗ ಹಿಂದಿನ ಸೀಟುಗಳಲ್ಲಿ ಗದ್ದಲವೆದ್ದಿತು. ಎಡಕ್ಕೆ ಕೆರೆ, ಇನ್ನೂ ಅರ್ಧ ನೀರಿತ್ತು. ಹಳ್ಳಿಯಲ್ಲಿ ದೊಡ್ಡಪ್ಪ ಓಡಿಬಂದು ಡ್ರೈವರ್ ಬಾಗಿಲ ಪಕ್ಕ ನಿಂತರು.

‘ಏನ್ ಸಾಬ್ರೇ, ಟ್ಯಾಕ್ಸು ಇಳೀತಾ?’

ಅಬ್ಬಾ ಒಂದು ಸಲ ನನ್ನ ಕಡೆ ನೋಡಿದರು.

‘ದಾರಿ ಸರಿಹೋಯ್ತು ದೊಡ್ಡಪ್ಪ. ಹತ್ಸಿ, ಗೂಡು ಹತ್ಸಿ, ಹೊತ್ತಾಯ್ತು’ ಎಂದರು.